ಪದ ಪರಿಚಯ: ‘ಲಿನಕ್ಸ್ ಕಂಪ್ಯಾಟಿಬಲ್’

ಲಿನಕ್ಸ್ ಎಂದರೆ ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶ. ಲ್ಯಾಪ್‌ಟಾಪ್ ಲಿನಕ್ಸ್ ಕಂಪ್ಯಾಟಿಬಲ್ ಎಂದರೆ, ಅದರ ಒಳಗಿನ ಪ್ರತಿ ಚಿಪ್‌ಗೂ ನೀವು ಹಾಕಲಿರುವ ಕರ್ನಲ್‌ನಲ್ಲಿ (ಲಿನಕ್ಸಿನ ತಿರುಳು) ಡ್ರೈವರ್ (ಆ ಚಿಪ್ಪನ್ನು ನಡೆಸುವ ತಂತ್ರಾಂಶ) ಇದೆ, ಆ ಡ್ರೈವರ್ ಕೇಳುವ ಫರ್ಮ್‌ವೇರ್ (ಚಿಪ್‌ನೊಳಗೇ ಓಡುವ ತಂತ್ರಾಂಶ) ಕಡತವೂ ಸಿಗುತ್ತದೆ ಎಂದರ್ಥ. ಹಾಗಾಗಿ ಬ್ರ್ಯಾಂಡ್ ಅಥವಾ ಮಾಡೆಲ್ ಹೆಸರು ನೋಡಿ ಇದನ್ನು ಹೇಳಲಾಗದು. ಒಂದೇ ಮಾಡೆಲ್‌ನ ಎರಡು ಯಂತ್ರಗಳಲ್ಲಿ ಒಂದಕ್ಕೆ ಇಂಟೆಲ್ ವೈಫೈ, ಇನ್ನೊಂದಕ್ಕೆ ರಿಯಲ್‌ಟೆಕ್ ಇರಬಹುದು. ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ‘ಉಬುಂಟು (ಲಿನಕ್ಸಿನ ಒಂದು ರೂಪ) ಓಡುತ್ತೆ ಸಾರ್’ ಎಂದರೆ ಬೂಟ್ ಆಗುತ್ತದೆ ಎಂದಷ್ಟೇ ತಿಳಿಯಿರಿ. ಡಬ್ಬಿಯ ಮೇಲೆ ‘ಡಾಸ್’ ಎಂದಿದ್ದರೆ ವಿಂಡೋಸ್ ಲೈಸೆನ್ಸ್ ಇಲ್ಲ, ಅಷ್ಟೇ.

ಹೆಚ್ಚಾಗಿ ಕೈಕೊಡುವುದು ವೈಫೈ. ಲಿನಕ್ಸಿನ ಇನ್ನೊಂದು ರೂಪವಾದ ಡೆಬಿಯನ್ 12ರ ಕರ್ನಲ್ 6.1, ಉಬುಂಟು 24.04 ಬಂದದ್ದು 6.8ರೊಂದಿಗೆ. ಚಿಪ್ ಇವಕ್ಕಿಂತ ಹೊಸದಾದರೆ ಹಳೆಯ ಕರ್ನಲ್‌ಗೆ ಅದರ ಗುರುತೇ ಹತ್ತುವುದಿಲ್ಲ. ಬ್ರಾಡ್‌ಕಾಮ್‌ನ ಹಲವು ಚಿಪ್‌ಗಳಿಗೆ ಡ್ರೈವರನ್ನು ಬೇರೆಯಾಗಿ ಹಾಕಬೇಕು. ಅದನ್ನು ಇಳಿಸಿಕೊಳ್ಳಲು ನೆಟ್ ಬೇಕು, ನೆಟ್‌ಗೆ ವೈಫೈ ಬೇಕು! ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಕೆಲಸ ಸಾಗುತ್ತದೆ. ವೈಫೈ ಕಾರ್ಡ್ ಬೋರ್ಡಿಗೆ ಬೆಸುಗೆಯಾಗಿರದಿದ್ದರೆ ಬದಲಿಸಬಹುದು. ಆಗ ಇಂಟೆಲ್ ಎಎಕ್ಸ್210 (AX210) ವೈಫೈ ಕಾರ್ಡ್ ಕೇಳಿ ತೆಗೆದುಕೊಳ್ಳಿ. ಎಎಕ್ಸ್201, ಎಎಕ್ಸ್211 ನೋಡಲು ಹಾಗೇ ಇದ್ದರೂ ವೈಫೈನ ಅರ್ಧ ಕೆಲಸವನ್ನು ಇಂಟೆಲ್ ಪ್ರೊಸೆಸರ್ ಕಡೆಗೇ ಬಿಡುತ್ತವೆ, ಎಎಂಡಿ ಬೋರ್ಡಿನಲ್ಲಿ ನಡೆಯವು.

ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿ ಕಾಣದಿದ್ದರೆ ಡಿಸ್ಕ್ ಕೆಟ್ಟಿದೆ ಎಂದುಕೊಳ್ಳಬೇಡಿ. ಬಯಾಸ್‌ನಲ್ಲಿ (ಯಂತ್ರ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್) ಡಿಸ್ಕ್ ಮೋಡ್ ಇಂಟೆಲ್ ಆರ್‌ಎಸ್‌ಟಿ (RST) ಅಥವಾ ವಿಎಂಡಿ (VMD) ಎಂದಿರಬಹುದು, ಅದನ್ನು ಸಾಮಾನ್ಯ ಮೋಡ್ ಆದ ಎಎಚ್‌ಸಿಐಗೆ (AHCI) ಬದಲಿಸಿ. ವಿಂಡೋಸನ್ನೂ ಉಳಿಸಿಕೊಳ್ಳುವವರು ಮೊದಲು ಅದನ್ನು ಸೇಫ್ ಮೋಡ್‌ಗೆ ಹೊಂದಿಸಿ ಆಮೇಲೆ ಬದಲಿಸಬೇಕು, ಇಲ್ಲವಾದರೆ ವಿಂಡೋಸ್ ನೀಲಿ ಪರದೆಗೆ ಬೀಳುತ್ತದೆ.

ಗೇಮ್, ಎಐ ಕೆಲಸ ಇಲ್ಲದವರು ಎನ್‌ವಿಡಿಯಾ ಗ್ರಾಫಿಕ್ಸ್ ಚಿಪ್ ಇರುವ ಯಂತ್ರ ಬಿಟ್ಟುಬಿಡುವುದೇ ಲೇಸು. ಬೆರಳಚ್ಚು ಓದುಗವನ್ನು ನೆಚ್ಚಬೇಡಿ.

ದುಡ್ಡು ಕೊಡುವ ಮೊದಲು 8 ಜಿಬಿ ಪೆನ್‌ಡ್ರೈವ್‌ನಲ್ಲಿ ಉಬುಂಟು ಬರೆದುಕೊಂಡು ಹೋಗಿ, ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಓಡಿಸಿ. ಟರ್ಮಿನಲ್‌ನಲ್ಲಿ ‘lspci -k’ ಕೊಟ್ಟರೆ ಪಟ್ಟಿಯಲ್ಲಿ ಬರುವ ಚಿಪ್‌ಗಳ ಕೆಳಗೆ ಬಳಕೆಯಲ್ಲಿರುವ ಡ್ರೈವರ್ ಹೆಸರು ಬರುತ್ತದೆ. ನೆಟ್‌ವರ್ಕ್ ಚಿಪ್‌ನ ಕೆಳಗೆ ಆ ಸಾಲೇ ಇಲ್ಲವೆಂದರೆ ಅದು ಕೆಲಸ ಮಾಡುತ್ತಿಲ್ಲ. ಹಾಡು ಹಾಕಿ, ಕ್ಯಾಮೆರಾ ತೆರೆಯಿರಿ, ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟು ತೆಗೆಯಿರಿ. ನಿದ್ದೆಯಿಂದ ಏಳದ ಯಂತ್ರ ಬೇಡ.

ಕಂಪನಿಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್‌ಗಳು ಲಿನಕ್ಸಿಗೆ ಒಳ್ಳೆಯ ಆಯ್ಕೆ. ಆದರೆ ಬಯಾಸ್‌ಗೆ ಹೋದಾಗ ಪಾಸ್‌ವರ್ಡ್ ಕೇಳಿದರೆ ಅಲ್ಲೇ ಅಂಗಡಿಯವರಿಂದ ತೆಗೆಸಿ. ಹಳೆಯ ಕಂಪನಿ ಹಾಕಿದ ಆ ಬೀಗ ಇದ್ದಷ್ಟು ದಿನ ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶ ಬೂಟ್ ಆಗದಂತೆ ತಡೆಯುವ ಸೆಟ್ಟಿಂಗ್), ಡಿಸ್ಕ್ ಮೋಡ್ ಯಾವುದನ್ನೂ ಬದಲಿಸಲಾಗದು.