ಬಸ್‌ಗೆ ದಾರಿ ಬಿಡುವ ನಿಯಮ: ಸ್ಟಾಪಿನಿಂದ ಶುರು ಮಾಡಿ ಓದೋಣ

ಬಸ್ ಆದ್ಯತೆ ಅಂದ ಕೂಡಲೇ ಬೆಂಗಳೂರಿನವರಿಗೆ ನೆನಪಾಗುವುದು ಹೊರ ವರ್ತುಲ ರಸ್ತೆಯ ಬೊಲ್ಲಾರ್ಡುಗಳು, ಅಂದರೆ ಬಸ್ ಪಥ ಬೇರ್ಪಡಿಸಲು ನೆಟ್ಟಿದ್ದ ಗಿಡ್ಡ ಕಂಬಗಳು. ಓದಲು ಸಿಗುವ ಬರಹಗಳೂ ಸಾಮಾನ್ಯವಾಗಿ ಬಸ್ ಪಥದಿಂದಲೇ ಶುರುವಾಗುತ್ತವೆ. ಈ ಟಿಪ್ಪಣಿಯ ಕ್ರಮ ಉಲ್ಟಾ: ಮೊದಲು ಸ್ಟಾಪು, ಆಮೇಲೆ ಪಥ, ಸಿಗ್ನಲ್ ಕೊನೆಗೆ. ಸ್ಟಾಪಿನ ಲೆಕ್ಕ ಅರ್ಥವಾದರೆ ಉಳಿದದ್ದು ಅರ್ಧ ಮುಗಿದ ಹಾಗೆ.

ಸ್ಟಾಪಿನಿಂದ ಹೊರಡುವುದು

ನಮ್ಮೂರಿನ ಹಳೆಯ ದೂರು ಎಲ್ಲರಿಗೂ ಗೊತ್ತು: "ಬಸ್ ಬೇ ಕಟ್ಟಿಕೊಟ್ಟಿದ್ದಾರೆ, ಆದರೂ ಒಳಗೆ ಹೋಗಲ್ಲ, ನಡುರಸ್ತೆಯಲ್ಲೇ ನಿಲ್ಲಿಸ್ತಾರೆ." ಬೇ ಅಂದರೆ ಬಸ್ ನಿಲ್ಲಲು ರಸ್ತೆಯಂಚಿನಲ್ಲಿ ಒಳಕ್ಕೆ ತೆಗೆದ ಜಾಗ. ದೂರು ಸುಳ್ಳಲ್ಲ. ಆದರೆ ಒಮ್ಮೆ ಡ್ರೈವರ್ ಸೀಟಿನಲ್ಲಿ ಕೂತು ಯೋಚಿಸಿ. ಬೇ ಒಳಗೆ ಹೋಗುವುದು ಸುಲಭ. ಕಂಡಕ್ಟರ್ "ರೈಟ್ ರೈಟ್" ಅಂದ ಮೇಲೆ ವಾಪಸ್ ಬರುವುದೇ ಕಷ್ಟ.

ಸಂಖ್ಯೆ ಹಾಕಿ ನೋಡೋಣ. ಮಾಮೂಲಿ ಸಿಟಿ ಬಸ್ಸಿನ ಉದ್ದ ಸುಮಾರು 12 ಮೀಟರ್. ಜನ ನಿಂತಿರುವ ಬಸ್ಸನ್ನು ಜೋರಾಗಿ ಎಳೆಯುವ ಹಾಗಿಲ್ಲ. ವೇಗ ಪ್ರತಿ ಸೆಕೆಂಡಿಗೆ 0.8 ಮೀಟರ್‌ನಷ್ಟು ಏರುತ್ತದೆ ಎಂದು ಇಟ್ಟುಕೊಳ್ಳಿ. ಗಂಟೆಗೆ 20 ಕಿ.ಮೀ. ಮುಟ್ಟಲು ಹತ್ತಿರ ಹತ್ತಿರ 7 ಸೆಕೆಂಡು ಬೇಕು, ಅಷ್ಟರಲ್ಲಿ ಅದು ಕ್ರಮಿಸುವುದು 19 ಮೀಟರ್ ಮಾತ್ರ. ಅಂದರೆ ಪಕ್ಕದ ಸಾಲಿನಲ್ಲಿ 7 ಸೆಕೆಂಡಿನ ಖಾಲಿ ಜಾಗ ಕಾಣದೆ ಬಸ್ ನಿಯಮಬದ್ಧವಾಗಿ ಹೊರಡುವಂತಿಲ್ಲ. ಸ್ಕೂಟರಿಗೆ ಇದರ ಅರ್ಧವೂ ಬೇಡ.

ಅಂಥ ಜಾಗಕ್ಕಾಗಿ ಎಷ್ಟು ಹೊತ್ತು ಕಾಯಬೇಕು? ಸಂಚಾರ ಎಂಜಿನಿಯರಿಂಗ್‌ನಲ್ಲಿ ಇದಕ್ಕೊಂದು ಹಳೆಯ ಸೂತ್ರವಿದೆ, ಆ್ಯಡಮ್ಸ್ 1936ರಲ್ಲಿ ಕೊಟ್ಟದ್ದು. ಮಾತಿನಲ್ಲಿ ಹೇಳುವುದಾದರೆ ಹೀಗೆ. ಸೆಕೆಂಡಿಗೆ ಎಷ್ಟು ವಾಹನ ಬರುತ್ತವೆ ಎಂಬುದನ್ನು ಬೇಕಾದ ಅಂತರದಿಂದ ಗುಣಿಸಿ. 2.718ರ ಘಾತವಾಗಿ ಆ ಗುಣಲಬ್ಧವನ್ನು ಇಡಿ. ಬಂದ ಉತ್ತರದಿಂದ ಗುಣಲಬ್ಧವನ್ನೂ 1ನ್ನೂ ಕಳೆಯಿರಿ. ಉಳಿದದ್ದನ್ನು ಸೆಕೆಂಡಿನ ವಾಹನ ಸಂಖ್ಯೆಯಿಂದ ಭಾಗಿಸಿ.

ಗಂಟೆಗೆ 900 ವಾಹನ, ಅಂದರೆ ಸೆಕೆಂಡಿಗೆ 0.25. ಇದನ್ನು 7ರಿಂದ ಗುಣಿಸಿದರೆ ಗುಣಲಬ್ಧ 1.75, ಅದನ್ನು ಘಾತವಾಗಿ ಇಟ್ಟರೆ ಬರುವ ಉತ್ತರ 5.75. ಸರಾಸರಿ ಕಾಯುವಿಕೆ 12 ಸೆಕೆಂಡು. ಮೂವತ್ತು ಸ್ಟಾಪುಗಳ ರೂಟಿಗೆ ಇಷ್ಟರಲ್ಲೇ 6 ನಿಮಿಷ ಹೋಯಿತು. ವಾಹನಗಳನ್ನು ದುಪ್ಪಟ್ಟು ಮಾಡಿ, ಗಂಟೆಗೆ 1800. ಕಾಯುವಿಕೆ 24 ಆಗುತ್ತದೆ ಅಂದುಕೊಳ್ಳುತ್ತೀರಿ. ಬರುವುದು 57 ಸೆಕೆಂಡು, ಒಂದೊಂದು ಸ್ಟಾಪಿನಲ್ಲೂ! ಈ ಸೂತ್ರದಿಂದ ಕಲಿಯಬೇಕಾದದ್ದು ಇದೇ: ದಟ್ಟಣೆ ಏರಿದಂತೆ ಬಸ್ಸಿನ ನಷ್ಟ ಅದರ ಎಷ್ಟೋ ಪಟ್ಟು ಏರುತ್ತದೆ.

ಸೂತ್ರದ ಮಿತಿಯನ್ನೂ ಬರೆದುಕೊಳ್ಳಿ. ವಾಹನಗಳು ಯಾದೃಚ್ಛಿಕವಾಗಿ ಒಂದೊಂದಾಗಿ ಬರುತ್ತವೆ ಎಂದು ಅದು ನಂಬಿಕೊಂಡಿದೆ. ನಮ್ಮಲ್ಲಿ ಸಿಗ್ನಲ್ ಬಿಟ್ಟಾಗ ಗುಂಪಾಗಿ ಬರುತ್ತವೆ, ಬೈಕುಗಳಂತೂ ಸಾಲನ್ನೇ ಲೆಕ್ಕಕ್ಕಿಡುವುದಿಲ್ಲ. ಆದ್ದರಿಂದ 57 ಸೆಕೆಂಡು ಯಾರೂ ಕಾಯುವುದೂ ಇಲ್ಲ. ಡ್ರೈವರ್ ಮೂತಿ ತೂರಿಸುತ್ತಾನೆ, ಇಲ್ಲವೇ ಬೇ ಒಳಗೇ ಹೋಗುವುದಿಲ್ಲ. ಬೇ ಬಾಯಲ್ಲಿ ಎರಡು ಆಟೋ ನಿಂತಿದ್ದರೆ ಹೋಗುವ ಪ್ರಶ್ನೆಯೇ ಇಲ್ಲ, ಹೋದರೂ ಹಿಂಭಾಗ ರಸ್ತೆಯಲ್ಲೇ ಚಾಚಿಕೊಂಡಿರುತ್ತದೆ. ನಡುರಸ್ತೆಯಲ್ಲಿ ನಿಲ್ಲಿಸುವುದನ್ನು ಶಿಸ್ತಿನ ಪ್ರಶ್ನೆಯಾಗಿ ಮಾತ್ರ ನೋಡುವವರು ಈ ಲೆಕ್ಕವನ್ನು ಒಮ್ಮೆ ಮಾಡಬೇಕು. ವಾಪಸ್ ಬರುವ ಹಕ್ಕು ಕೊಡದೆ ಒಳಗೆ ಹೋಗು ಅನ್ನುವುದು ನನಗಂತೂ ನ್ಯಾಯವಾಗಿ ಕಾಣುವುದಿಲ್ಲ. ಅದರ ಬೆಲೆ ತೆರುವವರು ಮಾತ್ರ ಡ್ರೈವರೂ ಅಲ್ಲ, ಕಾರಿನವರೂ ಅಲ್ಲ. ಬೈಕುಗಳ ನಡುವೆ ಓಡಿ ಹತ್ತುವ ಪ್ರಯಾಣಿಕರು.

ಆ ಹಕ್ಕು ಎಲ್ಲೆಲ್ಲಿ ಇದೆ

ರಸ್ತೆ ಸಂಚಾರದ ಬಗೆಗಿನ 1968ರ ವಿಯೆನ್ನಾ ಒಪ್ಪಂದದ 15ನೇ ವಿಧಿ ಈ ವಿಷಯಕ್ಕೇ ಮೀಸಲು. ಊರೊಳಗಿನ ರಸ್ತೆಗಳಲ್ಲಿ, ಗುರುತು ಮಾಡಿದ ಸ್ಟಾಪಿನಿಂದ ಸಾರ್ವಜನಿಕ ಸಾರಿಗೆ ವಾಹನ ಹೊರಡುವಾಗ ಉಳಿದವರು ನಿಧಾನಿಸಬೇಕು, ಬೇಕಾದರೆ ನಿಲ್ಲಬೇಕು, ಹಾಗೆ ದೇಶೀಯ ಕಾನೂನು ಮಾಡಿಕೊಳ್ಳಿ ಎಂದು ಅದು ಶಿಫಾರಸು ಮಾಡುತ್ತದೆ. ಭಾರತ 1980ರಲ್ಲಿ ಈ ಒಪ್ಪಂದಕ್ಕೆ ಸೇರಿದೆ. ಶಿಫಾರಸು ಅನ್ನುವುದನ್ನು ಅಡಿಗೆರೆ ಹಾಕಿ ಓದಿ, ಕಡ್ಡಾಯವಲ್ಲ. ವಿಧಿಯ ಇನ್ನೊಂದು ಭಾಗವನ್ನು ಬಹಳ ಜನ ಬಿಟ್ಟುಬಿಡುತ್ತಾರೆ: ಬಸ್ ಚಾಲಕ ಇಂಡಿಕೇಟರ್ ಹಾಕಿದ ಮೇಲೂ ಅಪಘಾತವಾಗದಂತೆ ಎಚ್ಚರ ವಹಿಸುವ ಹೊಣೆ ಅವನದೇ. ಹಕ್ಕು ಸಿಕ್ಕಿತೆಂದು ಸ್ಟೇರಿಂಗ್ ತಿರುಗಿಸಿಬಿಡುವಂತಿಲ್ಲ.

ಜರ್ಮನಿಯ ರಸ್ತೆ ಸಂಚಾರ ನಿಯಮಾವಳಿಯ 20ನೇ ಕಲಮು ಇದನ್ನು ಕಡ್ಡಾಯ ಮಾಡಿದೆ. ಬ್ರಿಟನ್ನಿನ ಹೈವೇ ಕೋಡ್‌ನ 223ನೇ ನಿಯಮ ಮೆತ್ತಗಿನದು, ಸುರಕ್ಷಿತವಾಗಿ ಸಾಧ್ಯವಿದ್ದಾಗ ದಾರಿ ಬಿಡಿ ಅನ್ನುತ್ತದೆ. ನನಗೆ ಹಿಡಿಸಿದ್ದು ಸಿಂಗಪುರದ್ದು. 2008ರಿಂದ ಅಲ್ಲಿ ಆಯ್ದ ಬಸ್ ಬೇಗಳ ಮುಂದೆ ರಸ್ತೆಯ ಮೇಲೇ ಹಳದಿ ಚೌಕ ಬರೆದಿರುತ್ತಾರೆ. ಬೇಯಿಂದ ಬಸ್ ಹೊರಡುತ್ತಿದ್ದರೆ ಹಿಂದಿನವರು ಆ ಗುರುತಿಗೆ ಮೊದಲೇ ನಿಂತು ದಾರಿ ಬಿಡಬೇಕು. ಎಲ್ಲಿ ನಿಲ್ಲಬೇಕು ಅನ್ನುವ ಅನುಮಾನಕ್ಕೆ ಎಡೆಯಿಲ್ಲ. ಖರ್ಚು ಬಣ್ಣದ್ದು, ಮತ್ತೆ ಅಷ್ಟಿಷ್ಟು ಕ್ಯಾಮೆರಾದ್ದು.

ನಮ್ಮ ಕಾನೂನು ಏನು ಹೇಳುತ್ತದೆ? 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ 1989ರ ಹಳೆಯ ನಿಯಮಗಳ ಜಾಗಕ್ಕೆ ಬಂತು. ತುರ್ತು ವಾಹನಗಳಲ್ಲೂ ಯಾರು ಮೊದಲು ಎಂಬ ಕ್ರಮ ಅದರಲ್ಲಿದೆ: ಅಗ್ನಿಶಾಮಕ, ಆಂಬುಲೆನ್ಸ್, ಪೊಲೀಸ್, ಆಮೇಲೆ ಅಗತ್ಯ ಸೇವೆಗಳ ನಿರ್ವಹಣೆಗೆ ಗೊತ್ತುಮಾಡಿದ ವಾಹನ. ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 194ಇ ಪ್ರಕಾರ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಈ ಸಾಲಿನಲ್ಲಿ ಸಿಟಿ ಬಸ್ ಇಲ್ಲ. ನಿಂತಲ್ಲಿಂದ ಹೊರಡುವವನು ಸಾಗುತ್ತಿರುವವನಿಗೆ ದಾರಿ ಬಿಡಬೇಕು ಎಂಬ ಸಾಮಾನ್ಯ ನಿಯಮವೇ ಅರವತ್ತು ಜನರಿರುವ ಬಸ್ಸಿಗೂ, ಒಬ್ಬನೇ ಇರುವ ಕಾರಿಗೂ.

ಪಥ: ಯಾವಾಗ ಕೊಡಬೇಕು, ಯಾವಾಗ ಬೇಡ

ಸಿಗ್ನಲ್ ಇರುವ ರಸ್ತೆಯಲ್ಲಿ ಒಂದು ಪಥ ಗಂಟೆಗೆ 700 ಕಾರು ಸಾಗಿಸುತ್ತದೆ, ಕಾರಿಗೆ ಒಂದೂವರೆ ಜನ ಎಂದುಕೊಳ್ಳಿ. 1,050 ಜನ ಆಯಿತು. ಬಸ್ಸಿಗೆ 50 ಜನ ಹಿಡಿದರೆ ಇದನ್ನು ಸರಿಗಟ್ಟಲು ಗಂಟೆಗೆ 21 ಬಸ್ ಬೇಕು, ಮೂರು ನಿಮಿಷಕ್ಕೊಂದರಂತೆ. ನಿಮಿಷಕ್ಕೊಂದು ಬಂದರೆ 3,000 ಜನ, ವಾದಕ್ಕೆ ಜಾಗವೇ ಇಲ್ಲ. ಹತ್ತು ನಿಮಿಷಕ್ಕೊಂದು ಬಂದರೆ 300 ಜನ, ಆಗ ಪಥ ಕೊಡುವುದು ದಂಡ. ಬಸ್ ಕೊಡದೆ ಪಥ ಮಾತ್ರ ಕೊಟ್ಟರೆ ಖಾಲಿ ಪಥದ ಫೋಟೊ ಓಡಾಡುತ್ತದೆ, ಯೋಜನೆ ಅಲ್ಲಿಗೆ ಮುಗಿಯಿತು.

ಹೊರ ವರ್ತುಲ ರಸ್ತೆಯನ್ನು ಆರಿಸಿಕೊಂಡದ್ದು ಈ ದೃಷ್ಟಿಯಿಂದ ಸರಿಯಾಗಿಯೇ ಇತ್ತು. ಹೆಬ್ಬಾಳ–ಸಿಲ್ಕ್ ಬೋರ್ಡ್ ನಡುವಿನ 500ಡಿ ಬಸ್ಸಿನಲ್ಲಿ ನೇತಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. 2019ರ ಅಕ್ಟೋಬರಿನಲ್ಲಿ ಸಿಲ್ಕ್ ಬೋರ್ಡಿನಿಂದ ಬೈಯಪ್ಪನಹಳ್ಳಿ ಕಡೆಗೆ ಆದ್ಯತಾ ಪಥ ಶುರುವಾಯಿತು, ಬಿಎಂಟಿಸಿ ಬಸ್ಸುಗಳಿಗಾಗಿ ಬೊಲ್ಲಾರ್ಡು ನೆಟ್ಟು ಎಡಬದಿಯ ಪಥ ಬೇರ್ಪಡಿಸಿದರು. ಕೆಲವೇ ತಿಂಗಳಲ್ಲಿ ಕೋವಿಡ್ ಬಂತು, ಹಿಂದೆಯೇ ಸಿಲ್ಕ್ ಬೋರ್ಡ್–ಕೆ.ಆರ್.ಪುರ ಮೆಟ್ರೊ ಕಾಮಗಾರಿ. ಪಥ ಅಳಿಸಿಹೋಯಿತು.

ಎಡಬದಿಯ ಪಥದ ಕಷ್ಟ ಏನೆಂದರೆ ಸರ್ವೀಸ್ ರೋಡಿಗೆ ಇಳಿಯುವವರು, ಅಲ್ಲಿಂದ ಹತ್ತುವವರು, ಎಡಕ್ಕೆ ತಿರುಗುವವರು ಎಲ್ಲರೂ ಅದನ್ನು ದಾಟಲೇಬೇಕು. ಹಾಗಾಗಿ ಜಂಕ್ಷನ್ನಿಗೆ ಸ್ವಲ್ಪ ಮೊದಲೇ ಬಸ್ ಪಥವನ್ನು ನಿಲ್ಲಿಸಿ, ಎಡಕ್ಕೆ ಹೋಗುವವರಿಗೆ ಆ ತುಂಡನ್ನು ಬಿಟ್ಟುಕೊಡುವ ವಿನ್ಯಾಸವಿದೆ. ಆ ತುಂಡು ಎಷ್ಟು ಉದ್ದ ಇರಬೇಕೆಂದರೆ, ಒಂದು ಹಸಿರಿನಲ್ಲಿ ಅಲ್ಲಿ ನಿಂತವರೆಲ್ಲ ದಾಟಿಬಿಡಬೇಕು, ಹಿಂದಿನ ಬಸ್ ಮುಂದಿನ ಕೆಂಪಿಗೆ ಸಿಕ್ಕಿಬೀಳಬಾರದು. ಬೆಂಗಳೂರಿನ ಫ್ರೀ ಲೆಫ್ಟ್ ಅಭ್ಯಾಸ ಇದ್ದಲ್ಲಿ ಈ ತುಂಡನ್ನು ನೇರ ಹೋಗುವ ಬೈಕುಗಳು ತುಂಬಿಕೊಳ್ಳುತ್ತವೆ, ಅದು ಬೇರೆ ತಲೆನೋವು.

ಪಥವನ್ನು ರಸ್ತೆ ನಡುವೆ ಇಟ್ಟರೆ ಎಡತಿರುವಿನ ಕಾಟ ಇಲ್ಲ. ಹುಬ್ಬಳ್ಳಿ–ಧಾರವಾಡದ ಸುಮಾರು 22 ಕಿ.ಮೀ. ಉದ್ದದ ಬಿಆರ್‌ಟಿಎಸ್ (ಬಸ್ಸಿಗೇ ಮೀಸಲಾದ ಪಥದ ಕ್ಷಿಪ್ರ ಸಾರಿಗೆ) ಹಾಗೆ ಮಾಡಿದ್ದು. 2018ರಿಂದ ಚಿಗರಿ ಬಸ್ಸುಗಳು ನಡುವಿನ ನಿಲ್ದಾಣಗಳಲ್ಲಿ ನಿಂತು ಓಡುತ್ತಿವೆ, ನಿಲ್ದಾಣದ ಬಳಿ ಹಿಂದಿನ ಬಸ್ ಮುಂದೆ ಹೋಗಲು ಹೆಚ್ಚಿನ ಪಥವಿದೆ. ಬಸ್ ತನ್ನ ದಾರಿ ಬಿಟ್ಟು ಹೋಗುವುದೇ ಇಲ್ಲವಾದ್ದರಿಂದ ಮೇಲೆ ಮಾಡಿದ 7 ಸೆಕೆಂಡಿನ ಲೆಕ್ಕ ಇಲ್ಲಿ ಹುಟ್ಟುವುದಿಲ್ಲ. ಪ್ರಯಾಣಿಕರು ಮಾತ್ರ ಪ್ರತಿ ಸಲ ಅರ್ಧ ರಸ್ತೆ ದಾಟಬೇಕು. ದೆಹಲಿಯ ಅಂಬೇಡ್ಕರ್ ನಗರ–ಮೂಲಚಂದ್ ಕಾರಿಡಾರೂ ನಡುವಿನದೇ, 5.8 ಕಿ.ಮೀ., 2008ರಲ್ಲಿ ಶುರು. ಅದರ ವಿರುದ್ಧದ ಅರ್ಜಿಯನ್ನು ಹೈಕೋರ್ಟ್ 2012ರಲ್ಲಿ ವಜಾ ಮಾಡಿತು. ಕೋರ್ಟಿನಲ್ಲಿ ಗೆದ್ದ ಪಥವನ್ನು 2016ರಲ್ಲಿ ಸರ್ಕಾರವೇ ಒಡೆಯಿತು.

ಪಥಕ್ಕೆ ಕಾನೂನಿನ ಬೆಂಬಲ ಸ್ಟಾಪಿಗಿಂತ ಗಟ್ಟಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 115ರಡಿ ಯಾವುದೇ ರಸ್ತೆಯಲ್ಲಿ ಇಂಥ ವಾಹನಗಳು ಬೇಡ ಎಂದು ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ನಿರ್ಬಂಧಿಸಬಹುದು. ಒಂದು ತಿಂಗಳು ಮೀರದ ನಿರ್ಬಂಧಕ್ಕೆ ಗೆಜೆಟ್ ಅಧಿಸೂಚನೆಯೂ ಬೇಕಿಲ್ಲ, ಸ್ಥಳೀಯ ಪ್ರಚಾರ ಸಾಕು. ಪ್ರಾಯೋಗಿಕ ಬಸ್ ಪಥಕ್ಕೆ ಇದು ಹೇಳಿ ಮಾಡಿಸಿದ ಅವಕಾಶ. ಸೂಚನಾ ಫಲಕ ಪಾಲಿಸುವುದು ಸೆಕ್ಷನ್ 119ರಲ್ಲಿ, ಚಾಲನಾ ನಿಯಮಾವಳಿ ಮುರಿದರೆ 500ರಿಂದ 1,000 ರೂಪಾಯಿ ದಂಡ ಸೆಕ್ಷನ್ 177ಎಯಲ್ಲಿ.

ಸಿಗ್ನಲ್ಲಿನಲ್ಲಿ ಎರಡೇ ಮುಖ್ಯ ತಂತ್ರ: ಬಸ್ ಹತ್ತಿರ ಬಂದಾಗ ಹಸಿರನ್ನು ಕೆಲವು ಸೆಕೆಂಡು ಎಳೆಯುವುದು, ಅಥವಾ ಕೆಂಪನ್ನು ಬೇಗ ಮುಗಿಸುವುದು. ಸ್ಟಾಪು ಸಿಗ್ನಲ್ಲಿಗೆ ಮೊದಲೇ ಇದ್ದರೆ ಎರಡೂ ಸರಿಯಾಗಿ ನಡೆಯುವುದಿಲ್ಲ. ಹಸಿರು ಎಳೆದಿರುತ್ತದೆ, ಬಸ್ ಇನ್ನೂ ಜನ ಹತ್ತಿಸಿಕೊಳ್ಳುತ್ತಿರುತ್ತದೆ. ಅದಕ್ಕೇ ಇಂಥ ಕಡೆ ಸ್ಟಾಪನ್ನು ಜಂಕ್ಷನ್ ದಾಟಿದ ಮೇಲೆ ಇಡುವುದು.

ಮಾಡಿ ನೋಡಲು

ಬೆಳಗಿನ ದಟ್ಟಣೆಯಲ್ಲಿ ಬೇ ಇರುವ ಒಂದು ಸ್ಟಾಪು ಆರಿಸಿಕೊಳ್ಳಿ, ಮಳೆಯ ದಿನ ಬೇಡ. ಪ್ರತಿ ಬಸ್ಸಿಗೆ ಮೂರು ಹೊತ್ತು ಬರೆದುಕೊಳ್ಳಿ: ಬಾಗಿಲು ಮುಚ್ಚಿದ್ದು, ಬಲಗಡೆ ಇಂಡಿಕೇಟರ್ ಹಾಕಿದ್ದು, ಹಿಂದಿನ ಚಕ್ರ ಸಾಲಿಗೆ ಸೇರಿದ್ದು. ಮೊದಲ ಮತ್ತು ಕೊನೆಯ ಹೊತ್ತಿನ ನಡುವಿನ ಅಂತರದಿಂದ 7 ಕಳೆದರೆ ಬಸ್ ಕಾದ ಹೊತ್ತು ಸಿಗುತ್ತದೆ. ಜೊತೆಗೆ ಒಂದು ನಿಮಿಷದಲ್ಲಿ ಪಕ್ಕದ ಸಾಲಿನಲ್ಲಿ ಹೋದ ವಾಹನ ಎಣಿಸಿ, ಸೂತ್ರದ ಉತ್ತರದೊಂದಿಗೆ ಹೋಲಿಸಿ. ಬೇ ಒಳಗೆ ಹೋಗದ ಬಸ್ಸುಗಳನ್ನು ಈ ಸರಾಸರಿಯಲ್ಲಿ ಸೇರಿಸಬೇಡಿ. ಅವುಗಳಿಗೆ ಬೇರೆ ಕಾಲಂ ಹಾಕಿ, ಎಷ್ಟು ಜನ ರಸ್ತೆಗೆ ಇಳಿದು ಹತ್ತಿದರು ಅಂತ ಅಲ್ಲಿ ಬರೆಯಿರಿ.