ಸುಸ್ಥಿರ ಮೀನು ಅಂದರೆ ಯಾವ ಮೀನು?

ಈ ಹೆಸರಿನ ಮೀನು ಯಾರ ಬುಟ್ಟಿಯಲ್ಲೂ ಸಿಗುವುದಿಲ್ಲ. ಬಂಗುಡೆ, ಬೂತಾಯಿ, ಅಂಜಲ್, ಕಾಣೆ ಇದ್ದ ಹಾಗೆ ಇದೊಂದು ಜಾತಿಯಲ್ಲ. ‘ಸಸ್ಟೇನೆಬಲ್ ಸೀಫುಡ್’ ಎಂಬ ಮಾತನ್ನು ಕನ್ನಡಕ್ಕೆ ತರುವಾಗ ಹುಟ್ಟಿದ ಪದ ಇದು. ನನಗೆ ಪದ ಸ್ವಲ್ಪ ಭಾರ ಅನಿಸುತ್ತದೆ. ಮೀನು ಮಾರ್ಕೆಟ್‌ನಲ್ಲಿ ಯಾರ ಬಾಯಲ್ಲೂ ಇದನ್ನು ಕೇಳಿಲ್ಲ. ಆದರೆ ಅರ್ಥ ಕಷ್ಟದ್ದಲ್ಲ. ಕಡಲಲ್ಲಿ ತನ್ನ ಸಂತತಿ ಮುರಿಯದ ಹಾಗೆ ಹಿಡಿದ ಮೀನು, ಅಷ್ಟೇ. ಈ ವರ್ಷ ಸಿಕ್ಕಿದ್ದು ಮುಂದಿನ ವರ್ಷವೂ ಸಿಗಬೇಕಾದರೆ ಮೊಟ್ಟೆ ಇಡುವಷ್ಟು ಮೀನು ನೀರಲ್ಲೇ ಉಳಿದಿರಬೇಕು, ಅಲ್ವಾ? ಉಳಿದದ್ದೆಲ್ಲ ಆ ಒಂದು ಮಾತಿನ ವಿವರಣೆ.

ಹಾಗಾಗಿ ‘ಬಂಗುಡೆ ಸುಸ್ಥಿರವೋ ಅಲ್ಲವೋ’ ಎಂಬ ಪ್ರಶ್ನೆಗೆ ನೇರ ಉತ್ತರ ಇಲ್ಲ. ಯಾವ ಬಂಗುಡೆ? ಎಷ್ಟು ದೊಡ್ಡದು? ಯಾವ ತಿಂಗಳು ಹಿಡಿದದ್ದು, ಯಾವ ಬಲೆಯಲ್ಲಿ? ಒಂದೇ ಜಾತಿಯ ಎರಡು ಮೀನು ಒಂದೇ ಬುಟ್ಟಿಯಲ್ಲಿ ಅಕ್ಕಪಕ್ಕ ಮಲಗಿದ್ದು, ಒಂದು ಈ ಪದಕ್ಕೆ ಹೊಂದಬಹುದು, ಇನ್ನೊಂದು ಹೊಂದದೆ ಇರಬಹುದು.

ಇವುಗಳಲ್ಲಿ ಗಾತ್ರದ ಪ್ರಶ್ನೆ ನಮ್ಮ ಕೈಗೆ ಸಿಗುವಂಥದ್ದು. ಬಂಗುಡೆ ಮೊದಲ ಸಲ ಮೊಟ್ಟೆ ಇಡುವ ಹೊತ್ತಿಗೆ ಹೆಚ್ಚುಕಡಿಮೆ ಗೇಣುದ್ದ ಬೆಳೆದಿರುತ್ತದೆ. ಅದಕ್ಕಿಂತ ಎಷ್ಟೋ ಸಣ್ಣದನ್ನು, ಬೆರಳುದ್ದದ ಮರಿಯನ್ನು ಹಿಡಿದರೆ ಅದು ಒಂದು ಸಲವೂ ಮರಿ ಮಾಡದೆ ಹೋಯಿತು ಎಂದೇ ಲೆಕ್ಕ. ಮರಿಮೀನು ತೂಕಕ್ಕೆ ಬರುವುದೂ ಇಲ್ಲ, ಅದಕ್ಕೆ ಒಳ್ಳೆ ರೇಟೂ ಇಲ್ಲ. ರಾಶಿಗಟ್ಟಲೆ ಬಂದಾಗ ಅದರಲ್ಲಿ ಬಹಳಷ್ಟು ಫಿಶ್ ಮೀಲ್ ಕಾರ್ಖಾನೆಗೆ ಹೋಗಿ ಪುಡಿಯಾಗುತ್ತದೆ, ಎಣ್ಣೆಯಾಗುತ್ತದೆ. ನಾಲ್ಕೈದು ತಿಂಗಳು ಬಿಟ್ಟಿದ್ದರೆ ಮನುಷ್ಯರು ಉಣ್ಣಬಹುದಾಗಿದ್ದ ಮೀನು ಅದು. ಈ ಒಂದು ವಿಷಯ ನೆನೆದಾಗ ನನಗೆ ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

2015ರಲ್ಲಿ ಕೇರಳ ಸರ್ಕಾರ 14 ಜಾತಿಯ ಮೀನುಗಳಿಗೆ ಇಂತಿಷ್ಟು ಉದ್ದಕ್ಕಿಂತ ಸಣ್ಣದನ್ನು ಹಿಡಿಯಬಾರದು ಎಂದು ನಿಯಮ ತಂದಿತು. ಆಮೇಲೆ ಆ ಪಟ್ಟಿ 58 ಜಾತಿಗೆ ಬೆಳೆಯಿತು. ಅಲ್ಲಿ ಬಂಗುಡೆಗೆ 14 ಸೆಂ.ಮೀ., ಬೂತಾಯಿಗೆ 10 ಸೆಂ.ಮೀ. ಗಡಿ. ಬೂತಾಯಿಯನ್ನು ಅಲ್ಲಿ ಮತ್ತಿ ಅನ್ನುತ್ತಾರೆ, ಬಡವರ ಮನೆಯ ಮೀನು. 2012ರಲ್ಲಿ ಕೇರಳದ ದಡಕ್ಕೆ ಸುಮಾರು 3.9 ಲಕ್ಷ ಟನ್ ಮತ್ತಿ ಬಂದಿತ್ತು. 2021ರಲ್ಲಿ ಬಂದದ್ದು ಬರೀ 3,297 ಟನ್. ಇದಕ್ಕೆ ಬಲೆಯೊಂದನ್ನೇ ದೂರುವುದು ತಪ್ಪಾಗುತ್ತದೆ. ಕಡಲಿನ ನೀರು ಬಿಸಿಯಾದರೆ, ಮಳೆ ಏರುಪೇರಾದರೆ ಬೂತಾಯಿ ಏಳುತ್ತದೆ, ಬೀಳುತ್ತದೆ. ಆದರೆ ಕಡಲೇ ಕೈಕೊಟ್ಟ ವರ್ಷ ಮರಿಗಳನ್ನೂ ಬಾಚಿಕೊಂಡರೆ ಮತ್ತೆ ಏಳಲು ಏನು ಉಳಿಯುತ್ತದೆ?

ಕಾಲದ ಮಾತು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟ್, ಹಿಂಡಿನ ಸುತ್ತ ಬಲೆ ಬೀಸುವ ಪರ್ಸಿನ್ ಬೋಟ್ ಯಾವುದೂ ಕಡಲಿಗೆ ಇಳಿಯುವಂತಿಲ್ಲ. ಹಲವು ಮೀನುಗಳು ಮೊಟ್ಟೆ ಇಡುವ ಸಮಯ ಅದು. ಆಗ ಸಿಗುವುದು ಹೆಚ್ಚಾಗಿ ನಾಡದೋಣಿಯವರ ಮೀನು, ಹೊಳೆಮೀನು, ಮರುವಾಯಿ ಎಂಬ ಚಿಪ್ಪಿ, ಮತ್ತೆ ಮನೆಯಲ್ಲಿ ಕಾಪಿಟ್ಟ ಒಣಮೀನು. ಬಲೆಯ ವಿಷಯ ಇನ್ನೂ ದೊಡ್ಡದು. ಬಲೆಯ ಕಣ್ಣು ಸಣ್ಣದಾದಷ್ಟೂ ಮರಿ ತಪ್ಪಿಸಿಕೊಳ್ಳುವುದಿಲ್ಲ. ರಾತ್ರಿ ಪ್ರಖರ ಬೆಳಕು ಹಾಯಿಸಿ ಹಿಂಡು ಸೇರಿಸಿ ಹಿಡಿಯುವುದು, ಎರಡು ಬೋಟ್ ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲ್, ಇವೆರಡನ್ನೂ ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೆ ತಟ್ಟೆಗೆ ಬಿದ್ದ ಮೇಲೆ ಮೀನು ಯಾವ ಬಲೆಯದ್ದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಗಾತ್ರಕ್ಕೆ ಅಂಟಿಕೊಂಡಿದ್ದು. ಅದು ಕಣ್ಣಿಗೆ ಕಾಣುತ್ತದೆ.

ಸರಿ, ಅರ್ಥ ಗೊತ್ತಾಯಿತು. ಜನ ಬದಲಾಗುತ್ತಾರಾ? ಇದಕ್ಕೆ ಅಮೆರಿಕದ ಒಂದು ಪ್ರಸಂಗ ನನಗೆ ತುಂಬಾ ಇಷ್ಟ.

ಉತ್ತರ ಅಟ್ಲಾಂಟಿಕ್ ಕಡಲಲ್ಲಿ ಕತ್ತಿಮೀನು ಸಿಗುತ್ತದೆ, ಮೂತಿ ಉದ್ದ ಕತ್ತಿಯ ಹಾಗೆ ಇರುವ ದೊಡ್ಡ ಮೀನು. 1990ರ ದಶಕದ ಹೊತ್ತಿಗೆ ಬೋಟುಗಳು ತರುತ್ತಿದ್ದ ಕತ್ತಿಮೀನಿನ ಸರಾಸರಿ ತೂಕ ಸುಮಾರು 40 ಕಿಲೋಗೆ ಇಳಿದಿತ್ತು. ಕೇಳಲು ದೊಡ್ಡದೇ. ಆದರೆ ಹೆಣ್ಣು ಕತ್ತಿಮೀನು ಮೊಟ್ಟೆ ಇಡಬೇಕಾದರೆ ಅದಕ್ಕಿಂತ ಎಷ್ಟೋ ಜಾಸ್ತಿ ಬೆಳೆಯಬೇಕು. ಅಂದರೆ ಹೋಟೆಲುಗಳಲ್ಲಿ ಬಡಿಸುತ್ತಿದ್ದದ್ದರಲ್ಲಿ ಹೆಚ್ಚಿನವು ಮರಿಗಳೇ. 1998ರಲ್ಲಿ ಎರಡು ಸಂಸ್ಥೆಗಳು, ಸೀವೆಬ್ ಮತ್ತು ನ್ಯಾಚುರಲ್ ರಿಸೋರ್ಸಸ್ ಡಿಫೆನ್ಸ್ ಕೌನ್ಸಿಲ್, ಪೂರ್ವ ಕರಾವಳಿಯ 27 ಬಾಣಸಿಗರನ್ನು ಜೊತೆ ಮಾಡಿಕೊಂಡವು. ಕತ್ತಿಮೀನಿಗೆ ಸ್ವಲ್ಪ ಬಿಡುವು ಕೊಡಿ ಎಂಬುದೇ ಆ ಚಳವಳಿಯ ಹೆಸರು. ಆ ಬಾಣಸಿಗರು ತಮ್ಮ ಮೆನುವಿನಿಂದ ಆ ಮೀನನ್ನು ತೆಗೆದುಹಾಕಿದರು. ನೋಡನೋಡುತ್ತಾ ನೂರಾರು ಜನ ಸೇರಿಕೊಂಡರು. 1999ರಲ್ಲಿ ಅಟ್ಲಾಂಟಿಕ್ ದೇಶಗಳು ಕತ್ತಿಮೀನನ್ನು ಮತ್ತೆ ಬೆಳೆಸುವ ಹತ್ತು ವರ್ಷದ ಯೋಜನೆಗೆ ಒಪ್ಪಿದವು. 2000ರಲ್ಲಿ ಅಮೆರಿಕ ಸರ್ಕಾರ ಮರಿಗಳು ಬೆಳೆಯುವ ಜಾಗಗಳಲ್ಲಿ ಉದ್ದ ಹಗ್ಗಕ್ಕೆ ಸಾಲು ಗಾಳ ಕಟ್ಟಿ ಹಿಡಿಯುವ ಮೀನುಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಚಳವಳಿಯವರೇ ‘ಇನ್ನು ಸಾಕು’ ಎಂದು ಬಹಿಷ್ಕಾರ ಮುಗಿಸಿದರು. 2009ರ ಹೊತ್ತಿಗೆ ಆ ಸಂತತಿ ಚೇತರಿಸಿಕೊಂಡಿದೆ ಎಂದು ವಿಜ್ಞಾನಿಗಳು ಹೇಳಿದರು.

ಇಲ್ಲಿ ಕೇಳಿದ್ದು ಏನು ನೋಡಿ. ಮೀನು ತಿನ್ನಬೇಡಿ ಎನ್ನಲಿಲ್ಲ. ಮೀನುಗಾರರು ಕೆಟ್ಟವರು ಎನ್ನಲಿಲ್ಲ. ಒಂದು ಮೀನು, ಸ್ವಲ್ಪ ಕಾಲ, ಇಷ್ಟೇ. ಬಿಡುವು ಎಂಬ ಮಾತಲ್ಲೇ ಮತ್ತೆ ಸಿಗುತ್ತದೆ ಎಂಬ ಭರವಸೆ ಇತ್ತು. ಜೊತೆಗೆ ಕೇಳಿದವರು ಅಡುಗೆಯವರು, ಆ ಮೀನನ್ನು ರುಚಿಯಾಗಿ ಮಾಡಿ ಬಡಿಸಿದ ಕೈಗಳು. ಒಳ್ಳೆ ಕೆಲಸಕ್ಕೆ ಜನರನ್ನು ಸೇರಿಸುವುದೆಂದರೆ ಹೆದರಿಸುವುದು, ನಾಚಿಕೆಪಡಿಸುವುದು ಎಂದು ನಾವು ಸುಮಾರು ಸಲ ತಪ್ಪು ತಿಳಿಯುತ್ತೇವೆ. ತಪ್ಪಿತಸ್ಥ ಎನಿಸಿಕೊಂಡವನು ಕಿವಿ ಮುಚ್ಚಿಕೊಳ್ಳುತ್ತಾನೆ. ಮಾಡಲು ಒಂದು ಸಣ್ಣ ಕೆಲಸ ಕೊಟ್ಟರೆ ಕೈ ಮುಂದೆ ಬರುತ್ತದೆ.

ಹೊರದೇಶಗಳಲ್ಲಿ ಸುಸ್ಥಿರ ಮೀನಿನ ಪ್ಯಾಕೆಟ್ ಮೇಲೆ ಎಂಎಸ್‌ಸಿ, ಅಂದರೆ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಎಂಬ ಸಂಸ್ಥೆಯ ನೀಲಿ ಗುರುತು ಇರುತ್ತದೆ. ನಮ್ಮ ದೇಶದಲ್ಲಿ ಆ ಮನ್ನಣೆ ಮೊದಲು ಸಿಕ್ಕಿದ್ದು 2014ರಲ್ಲಿ, ಕೇರಳದ ಕೊಲ್ಲಂ ಹತ್ತಿರದ ಅಷ್ಟಮುಡಿ ಸರೋವರದ ಚಿಪ್ಪಿಗೆ. ನಮ್ಮ ಮರುವಾಯಿಯ ನೆಂಟ ಅದು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಅಲ್ಲಿ ಚಿಪ್ಪಿ ಹೆಕ್ಕುವಂತಿಲ್ಲ. ಆದರೆ ನಮ್ಮೂರ ಬುಟ್ಟಿಯ ಮೇಲೆ ಯಾವ ನೀಲಿ ಗುರುತೂ ಇರುವುದಿಲ್ಲ. ಅಲ್ಲಿ ಕೊಳ್ಳುವವರ ಬಾಯಿಮಾತೇ ಗುರುತು.

ಹೋದ ವರ್ಷ ನಾನು ಯಾವಾಗಲೂ ಮೀನು ತರುವ ಅಕ್ಕನ ಬುಟ್ಟಿಯಲ್ಲಿ ಬರೀ ಮರಿ ಬಂಗುಡೆ ಇತ್ತು. “ಅಕ್ಕಾ, ಇದು ತೀರಾ ಸಣ್ಣದಾಯ್ತಲ್ಲ, ಗೇಣಿನಷ್ಟಾದರೂ ಬೇಕು” ಎಂದೆ. “ದೊಡ್ಡದು ಕೇಳುವವರೇ ಇಲ್ಲ ಮಾರಾಯ್ರೆ, ಎಲ್ಲರಿಗೂ ಕಡಿಮೆ ರೇಟಿನದ್ದೇ ಬೇಕು” ಎಂದರು. ಅವತ್ತು ಮರುವಾಯಿ ತಂದು ಸುಕ್ಕ ಮಾಡಿದೆವು. ಎರಡು ವಾರ ಬಿಟ್ಟು ಹೋದಾಗ ಅವರು ಬುಟ್ಟಿಯ ಅಡಿಯಿಂದ ಆರು ಬಂಗುಡೆ ತೆಗೆದರು. ಒಂದನ್ನು ತಮ್ಮ ಅಂಗೈ ಮೇಲೆ ಚಾಚಿ ಹಿಡಿದು, “ನೋಡಿ, ನಿಮ್ಮ ಗೇಣು ಉಂಟಾ?” ಎಂದು ಕೇಳಿದರು.