ಬೇಕು ಅನ್ನಿಸಿದ ಗೇಮ್, ಇಷ್ಟವಾಗುವ ಗೇಮ್

ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಗೆ ಟಿವಿಗೆ ಹಾಕುವ ವಿಡಿಯೋ ಗೇಮ್ ಬಂತು. ಜೊತೆಗೆ ಕೊಟ್ಟಿದ್ದ ಕ್ಯಾಸೆಟ್ ಆಡಿ ಆಡಿ ಬೇಜಾರಾಯಿತು. ಹಬ್ಬಕ್ಕೆ ಸಿಕ್ಕ ದುಡ್ಡನ್ನೆಲ್ಲ ಒಟ್ಟು ಮಾಡಿಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋದೆ. ಗಾಜಿನ ಕೆಳಗೆ ಒಂದು ಹಳದಿ ಕ್ಯಾಸೆಟ್ ಇತ್ತು. ಮೇಲೆ ದಪ್ಪ ಅಕ್ಷರದಲ್ಲಿ ‘9999 ಇನ್ 1’ ಎಂದಿತ್ತು. ಪಕ್ಕದಲ್ಲೇ ‘4 ಇನ್ 1’ ಕೂಡ ಇತ್ತು, ರೇಟು ಹೆಚ್ಚುಕಮ್ಮಿ ಒಂದೇ. ಒಂದು ಕ್ಷಣವೂ ಯೋಚಿಸದೆ ಹಳದಿಯನ್ನು ಹಿಡಿದುಕೊಂಡೆ.

ಮನೆಗೆ ಬಂದು ಹಾಕಿದರೆ ಪಟ್ಟಿ ಇಳಿಯುತ್ತಲೇ ಇತ್ತು. ಮೊದಲನೆಯದು ಮಾರಿಯೋ. ಎರಡನೆಯದು ಕಾಂಟ್ರಾ. ಏಳನೆಯದು ಮತ್ತೆ ಮಾರಿಯೋ, ಆದರೆ ಮೂರನೇ ಲೆವೆಲ್‌ನಿಂದ ಶುರು. ಎಂಟನೆಯದು ಮತ್ತೆ ಕಾಂಟ್ರಾ, ಈ ಸಲ ಕೈಯಲ್ಲಿ ಬೇರೆ ಬಂದೂಕು. ಸಂಜೆ ಹೊತ್ತಿಗೆ ಲೆಕ್ಕ ಹಾಕಿದೆ. ಬೇರೆ ಬೇರೆ ಆಟ ಅಂತ ಇದ್ದದ್ದು ಆರೇ ಆರು. ರಾತ್ರಿ ಊಟ ಸೇರಲಿಲ್ಲ.

ಅವತ್ತು ಏನಾಯಿತು ಅನ್ನುವುದು ತುಂಬಾ ವರ್ಷಗಳ ಮೇಲೆ ಅರ್ಥವಾಯಿತು. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ, ಬಟ್ಟೆ ಮುಟ್ಟಿ, ಬೆಳಕಿಗೆ ಹಿಡಿದು ನೋಡುತ್ತೇವೆ. ಕೊಳ್ಳುವ ಮೊದಲೇ ಬಹುಪಾಲು ಗೊತ್ತಾಗಿಬಿಡುತ್ತದೆ. ಕಲ್ಲಂಗಡಿ ಹಾಗಲ್ಲ. ಎಷ್ಟು ತಟ್ಟಿ ನೋಡಿದರೂ ಕೊಯ್ದು ಬಾಯಿಗಿಡುವ ತನಕ ರುಚಿ ತಿಳಿಯುವುದಿಲ್ಲ. ಫಿಲಿಪ್ ನೆಲ್ಸನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಸರಕುಗಳನ್ನು ಹೀಗೇ ಎರಡು ಮಾಡಿದರು: ಹುಡುಕಿ ನೋಡಿ ತಿಳಿಯುವಂಥವು, ಬಳಸಿಯೇ ತಿಳಿಯುವಂಥವು. ವಿಡಿಯೋ ಗೇಮ್ ಎರಡನೇ ಗುಂಪಿನದು. ಅದರಲ್ಲೂ ಕಷ್ಟದ ಕೇಸು. ಟ್ರೇಲರ್ ನೋಡಬಹುದು, ಬೇರೆಯವರು ಆಡುವುದನ್ನು ಗಂಟೆಗಟ್ಟಲೆ ನೋಡಬಹುದು. ಆದರೂ ಬಟನ್ ಒತ್ತಿದಾಗ ನಮ್ಮ ಬೆರಳಿಗೆ ಹೇಗನ್ನಿಸುತ್ತದೆ ಅನ್ನುವುದು ನೋಡಿದರೆ ಸಿಗುವ ವಿಷಯವೇ ಅಲ್ಲ.

ಅದೇ 1970ರಲ್ಲಿ ಜಾರ್ಜ್ ಅಕೆರ್ಲೋಫ್ ಎಂಬ ಅರ್ಥಶಾಸ್ತ್ರಜ್ಞ ಇನ್ನೊಂದು ಪ್ರಶ್ನೆ ಎತ್ತಿದರು. ಮಾರುವವನಿಗೆ ಸರಕಿನ ಗುಣ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಅಂದರೆ ಸಂತೆ ಏನಾಗುತ್ತದೆ? ಹಳೇ ಕಾರುಗಳ ಉದಾಹರಣೆ ಇಟ್ಟುಕೊಂಡು ಉತ್ತರ ಕೊಟ್ಟರು. ಕೊಳ್ಳುವವನು ಯಾವುದಕ್ಕೂ ಜಾಸ್ತಿ ಬೆಲೆ ಕೊಡಲು ಹೆದರುತ್ತಾನೆ. ಆ ಬೆಲೆಗೆ ಒಳ್ಳೆಯ ಮಾಲು ಮಾರಿದರೆ ಗಿಟ್ಟುವುದಿಲ್ಲ. ಒಳ್ಳೆಯವರು ಸಂತೆ ಬಿಟ್ಟು ಹೋಗುತ್ತಾರೆ. ಉಳಿಯುವುದು ಕಳಪೆ. ಆಗ ಬೆಲೆ ಇನ್ನೂ ಬೀಳುತ್ತದೆ. ಈ ಕೆಲಸಕ್ಕೆ 2001ರಲ್ಲಿ ಅವರಿಗೆ ನೊಬೆಲ್ ಪಾಲು ಸಿಕ್ಕಿತು.

ಇದು ಪುಸ್ತಕದ ಲೆಕ್ಕ ಅನ್ನಿಸಬಹುದು. ಆದರೆ ಗೇಮ್ ಲೋಕದಲ್ಲಿ ಇದು ಕಣ್ಣೆದುರೇ ನಡೆದುಹೋಗಿದೆ.

1982ರಲ್ಲಿ ಅಮೆರಿಕದಲ್ಲಿ ಅಟಾರಿ ಕಂಪನಿಯ ವಿಡಿಯೋ ಗೇಮ್ ಯಂತ್ರದ ಹುಚ್ಚು ಜೋರಾಗಿತ್ತು. ಯಾರು ಬೇಕಾದರೂ ಅದಕ್ಕೆ ಕ್ಯಾಸೆಟ್ ಮಾಡಿ ಮಾರುತ್ತಿದ್ದರು. ಆ ವರ್ಷ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಸಿನಿಮಾ ಭಾರಿ ಓಡಿತು. ಕ್ರಿಸ್‌ಮಸ್ ಹೊತ್ತಿಗೆ ಅದರ ಗೇಮ್ ಅಂಗಡಿಯಲ್ಲಿರಬೇಕು ಎಂದು ಅಟಾರಿ ಹಟ ಹಿಡಿಯಿತು. ಹೊವಾರ್ಡ್ ಸ್ಕಾಟ್ ವಾರ್‌ಷಾ ಎಂಬ ಪ್ರೋಗ್ರಾಮರ್‌ಗೆ ಸಿಕ್ಕಿದ್ದು ಸುಮಾರು ಐದು ವಾರ. ಸಾಮಾನ್ಯವಾಗಿ ಅಂಥ ಕೆಲಸಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಬಂದ ಗೇಮ್‌ನಲ್ಲಿ ಪಾಪದ ಇ.ಟಿ. ಹೆಜ್ಜೆಹೆಜ್ಜೆಗೂ ಗುಂಡಿಗೆ ಬೀಳುತ್ತಿತ್ತು. ಹತ್ತಿ ಬಂದರೆ ಮತ್ತೆ ಗುಂಡಿ. ಮಕ್ಕಳು ಅಪ್ಪ ಅಮ್ಮನ ಹತ್ತಿರ ಹೋಗಿ ವಾಪಸ್ ಕೊಡಿಸಿ ಎಂದರು. ಸುಮಾರು 40 ಲಕ್ಷ ಕ್ಯಾಸೆಟ್ ಮಾಡಿದ್ದರು, ಅರ್ಧಕ್ಕಿಂತ ಜಾಸ್ತಿ ಹಾಗೇ ಉಳಿಯಿತು. 1983ರ ಸೆಪ್ಟೆಂಬರ್‌ನಲ್ಲಿ ಅಟಾರಿ ಲಾರಿಗಳಲ್ಲಿ ಮಾಲು ತಂದು ನ್ಯೂ ಮೆಕ್ಸಿಕೋದ ಅಲಮೊಗೋರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂಳಿತು. ಇದು ಬರೀ ಕಟ್ಟುಕಥೆ ಎಂದು ತುಂಬಾ ಜನ ನಂಬಿದ್ದರು. 2014ರ ಏಪ್ರಿಲ್‌ನಲ್ಲಿ ಅಗೆದು ನೋಡಿದಾಗ ಜಜ್ಜಿಹೋದ ಪೆಟ್ಟಿಗೆಗಳ ಸಮೇತ ಇ.ಟಿ. ಕ್ಯಾಸೆಟ್‌ಗಳು ಸಿಕ್ಕವು.

ಎಲ್ಲ ತಪ್ಪನ್ನೂ ಈ ಒಂದು ಗೇಮ್ ಮೇಲೆ ಹೊರಿಸುವುದು ಅನ್ಯಾಯ. ಐದು ವಾರದಲ್ಲಿ ಅಷ್ಟು ಮಾಡಿದ್ದೇ ದೊಡ್ಡದು. ಜನರ ನಂಬಿಕೆ ಅಷ್ಟರಲ್ಲಾಗಲೇ ಸವೆದಿತ್ತು. ಡಬ್ಬದ ಮೇಲಿನ ಚಿತ್ರಗಳೆಲ್ಲ ಚಂದ, ಒಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ. ಮುಳುಗಿದ ಕಂಪನಿಗಳ ಕ್ಯಾಸೆಟ್‌ಗಳನ್ನು ಅಂಗಡಿಯವರು ಬುಟ್ಟಿಯಲ್ಲಿ ಸುರಿದು 5 ಡಾಲರ್‌ಗೆ ಮಾರುತ್ತಿದ್ದಾಗ, 30 ಡಾಲರ್ ಕೊಟ್ಟು ಹೊಸ ಒಳ್ಳೆಯ ಗೇಮ್ ಕೊಳ್ಳುವವರು ಯಾರು? 1983ರಲ್ಲಿ ಸುಮಾರು 320 ಕೋಟಿ ಡಾಲರ್ ಇದ್ದ ವ್ಯಾಪಾರ 1985ರ ಹೊತ್ತಿಗೆ 10 ಕೋಟಿ ಡಾಲರ್ ಆಸುಪಾಸಿಗೆ ಬಿತ್ತು ಎಂಬುದು ಎಲ್ಲರೂ ಹೇಳುವ ಅಂದಾಜು.

ಆ ಸಂತೆಯನ್ನು ಮತ್ತೆ ಎಬ್ಬಿಸಿದ್ದು ಜಪಾನಿನ ನಿಂಟೆಂಡೊ. 1985ರಲ್ಲಿ ಅಮೆರಿಕಕ್ಕೆ ತಂದ ಯಂತ್ರದೊಳಗೆ ಒಂದು ಚಿಪ್ ಇಟ್ಟಿದ್ದರು. ಕ್ಯಾಸೆಟ್‌ನಲ್ಲೂ ಅದಕ್ಕೆ ಜೋಡಿ ಚಿಪ್ ಇರಬೇಕು, ಇಲ್ಲದಿದ್ದರೆ ಆಟ ಶುರುವಾಗುವುದಿಲ್ಲ. ಡಬ್ಬದ ಮೇಲೆ ಕಂಪನಿಯ ಗುಣಮಟ್ಟದ ಮುದ್ರೆ ಬೇರೆ. ಅಂದರೆ ಬಾಗಿಲಲ್ಲಿ ಒಬ್ಬ ಕಾವಲುಗಾರ ಬಂದ. ಆದರೆ ಅದೇ ಯಂತ್ರದ 1983ರ ಜಪಾನಿ ರೂಪ ಫ್ಯಾಮಿಕಾಮ್‌ನಲ್ಲಿ ಆ ಚಿಪ್ ಇರಲಿಲ್ಲ. ನಮ್ಮ ಊರುಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಟಿವಿ ಗೇಮ್‌ಗಳು ಹೆಚ್ಚಿನವು ಆ ಫ್ಯಾಮಿಕಾಮ್‌ನ ನಕಲುಗಳು. ಕಾವಲಿಲ್ಲದ ಆ ಬಾಗಿಲಿನಿಂದಲೇ ನನ್ನ ಹಳದಿ ಕ್ಯಾಸೆಟ್ ಮನೆಯೊಳಗೆ ಬಂದದ್ದು.

ಈಗ ಕ್ಯಾಸೆಟ್ ಹೋಯಿತು, ಅಂಗಡಿ ಹೋಯಿತು. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ತೆರೆದರೆ ಸಾವಿರಾರು ಗೇಮ್. ಗುಣ ತಿಳಿಯಲು ರಿವ್ಯೂ ಇದೆ, ವಿಡಿಯೋ ಇದೆ, ನೂರೆಂಟು ದಾರಿ ಇದೆ. ಆದರೂ ಗೇಮ್ ಆಡುವ ಯಾರನ್ನೇ ಕೇಳಿ, ಕೊಂಡು ಒಮ್ಮೆಯೂ ತೆರೆಯದ ಆಟಗಳು ಅವರ ಲೈಬ್ರರಿಯಲ್ಲಿ ಇದ್ದೇ ಇರುತ್ತವೆ. ನನ್ನ ಲೈಬ್ರರಿಯಲ್ಲೂ ಇವೆ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಬೇಕು ಅಂತಲೇ ಕೊಂಡದ್ದು. ಹಾಗಾದರೆ ಆ ‘ಬೇಕು’ ಎಲ್ಲಿ ಹೋಯಿತು?

ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಉತ್ತರ ಬಂದದ್ದು ಇಲಿಗಳಿಂದ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಇದೆ. ಅದೇ ಸುಖ ಕೊಡುವ ವಸ್ತು ಎಂದು ವಿಜ್ಞಾನಿಗಳು ತುಂಬಾ ಕಾಲ ಅಂದುಕೊಂಡಿದ್ದರು, ಈಗಲೂ ಹಲವರು ಹಾಗೇ ಹೇಳುತ್ತಾರೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಸಂಗಡಿಗರು 1980ರ ದಶಕದ ಕೊನೆಗೆ ಅದನ್ನು ಪರೀಕ್ಷೆ ಮಾಡಿದರು. ಡೋಪಮೈನ್ ಹೆಚ್ಚುಕಮ್ಮಿ ಪೂರ್ತಿ ನಾಶವಾದ ಇಲಿಗಳು ಎದುರಿಗೆ ಊಟ ಇದ್ದರೂ ಹೋಗಿ ತಿನ್ನುವುದಿಲ್ಲ. ಸುಮ್ನೆ ಬಿಟ್ಟರೆ ಹಸಿದೇ ಸಾಯುತ್ತವೆ. ಅವುಗಳಿಗೆ ರುಚಿಯೇ ಹತ್ತುವುದಿಲ್ಲವೇನೋ ಅನ್ನಬಹುದು. ಆದರೆ ಸಕ್ಕರೆ ನೀರನ್ನು ಬಾಯಿಗೆ ಬಿಟ್ಟಾಗ ಇಲಿ ನಾಲಿಗೆ ಚಾಚಿ ತುಟಿ ಚಪ್ಪರಿಸಿತು. ಕಹಿ ಬಿಟ್ಟಾಗ ಬಾಯಿ ಅಗಲಿಸಿ ಮುಖ ಕಿವುಚಿತು. ಎಳೆ ಮಗುವಿಗೆ ಜೇನು ನೆಕ್ಕಿಸಿದಾಗ, ಕಷಾಯ ಕುಡಿಸಿದಾಗ ಮಾಡುವ ಮುಖಗಳೇ ಅವು. ರುಚಿ ಇತ್ತು, ಹೋಗಿ ತಿನ್ನಬೇಕು ಅನ್ನುವ ಆಸೆ ಇರಲಿಲ್ಲ. ಮುಂದೆ, ಡೋಪಮೈನ್ ಜಾಸ್ತಿ ಇರುವಂತೆ ಹುಟ್ಟಿಸಿದ ಇಲಿಗಳನ್ನೂ ನೋಡಿದರು. ಅವು ಸಿಹಿಯ ಕಡೆಗೆ ಬೇರೆಯವಕ್ಕಿಂತ ಜೋರಾಗಿ ನುಗ್ಗಿದವು. ಬಾಯಿಗೆ ಬಿದ್ದ ಮೇಲೆ ಮಾತ್ರ ಚಪ್ಪರಿಕೆ ಜಾಸ್ತಿ ಆಗಲಿಲ್ಲ.

ಬೇಕು ಅನ್ನಿಸುವುದು ಮಿದುಳಿನ ಒಂದು ಕೆಲಸ. ಇಷ್ಟವಾಗುವುದು ಇನ್ನೊಂದು. ಎಷ್ಟೋ ಸಲ ಎರಡೂ ಜೊತೆಯಲ್ಲೇ ಹೋಗುತ್ತವೆ, ಅದಕ್ಕೇ ನಮಗೆ ಒಂದೇ ಅಂತ ಕಾಣುತ್ತದೆ.

ವುಲ್ಫ್ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ ಕೋತಿಗಳಲ್ಲಿ ಕಂಡದ್ದನ್ನು ಇದರ ಪಕ್ಕ ಇಡಬೇಕು. ಕೋತಿಗೆ ಜ್ಯೂಸ್ ಕೊಟ್ಟಾಗ ಡೋಪಮೈನ್ ನರಕೋಶಗಳು ಮಿಡಿದವು. ಪ್ರತಿ ಸಲ ಜ್ಯೂಸ್‌ಗೆ ಮೊದಲು ಒಂದು ದೀಪ ಹೊತ್ತಿಸುತ್ತಾ ಬಂದರು. ಸ್ವಲ್ಪ ದಿನಕ್ಕೆ ಮಿಡಿತ ದೀಪಕ್ಕೇ ಬಂತು, ಜ್ಯೂಸ್ ಬಂದಾಗ ಕೋಶಗಳು ಸುಮ್ಮನಿದ್ದವು. ದೀಪ ಹೊತ್ತಿ ಜ್ಯೂಸ್ ಬರದೇ ಹೋದರೆ, ಬರಬೇಕಾಗಿದ್ದ ಹೊತ್ತಿಗೆ ಸರಿಯಾಗಿ ಮಿಡಿತ ಕುಸಿಯಿತು.

ಸೇಲ್ ದಿನ ಸ್ಟೀಮ್ ನೋಡಿದವರಿಗೆ ಆ ದೀಪ ಗೊತ್ತು. ಹಸಿರು ಚೌಕದಲ್ಲಿ ‘-75%’. ಪಕ್ಕದಲ್ಲಿ ಗೀಟು ಎಳೆದ ಹಳೇ ಬೆಲೆ. ಆ ಗೀಟಿನ ಬೆಲೆಯೂ ಸುಮ್ನೆ ಇಲ್ಲ. ಮೊದಲು ಕಂಡ ಅಂಕಿಯ ಸುತ್ತಲೇ ನಮ್ಮ ಮನಸ್ಸು ಅಂದಾಜು ಕಟ್ಟುತ್ತದೆ ಎಂಬುದನ್ನು ಟ್ವರ್ಸ್ಕಿ ಮತ್ತು ಕಾಹ್ನೆಮನ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲೇ ತೋರಿಸಿದ್ದರು. 2,000 ರೂಪಾಯಿಯ ಗೇಮ್ 500ಕ್ಕೆ ಸಿಕ್ಕಾಗ 1,500 ಉಳಿಯಿತು ಅನ್ನಿಸುತ್ತದೆ. ಆಡದೇ ಬಿಟ್ಟರೆ ಹೋದದ್ದು 500. ಕೊಂಡ ಕ್ಷಣದಲ್ಲಿ ಆಗುವ ಆ ಖುಷಿ ಸುಳ್ಳಲ್ಲ, ನಿಜವಾದದ್ದೇ. ಅದು ದೀಪದ ಖುಷಿ. ಜ್ಯೂಸ್ ಹೇಗಿದೆ ಅಂತ ಇನ್ನೂ ಗೊತ್ತಾಗಿಲ್ಲ.

ಬೇರೆಯವರ ರುಚಿಯನ್ನು ನಂಬಬಹುದಲ್ವಾ? ನಂಬಬಹುದು, ಲೆಕ್ಕ ಇಟ್ಟುಕೊಂಡು. ಒಂದು ಗೇಮ್‌ಗೆ 8 ರಿವ್ಯೂ, ಎಂಟೂ ಒಳ್ಳೆಯವು. ಇನ್ನೊಂದಕ್ಕೆ 100 ರಿವ್ಯೂ, 95 ಒಳ್ಳೆಯವು. ಮೊದಲನೆಯದು ನೂರಕ್ಕೆ ನೂರು ಅಂತ ಕಾಣುತ್ತದೆ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಇದಕ್ಕೊಂದು ಸರಳ ಉಪಾಯ ಬಿಟ್ಟುಹೋಗಿದ್ದಾರೆ. ಯಾವುದೇ ಲೆಕ್ಕಕ್ಕೂ ಒಂದು ಒಳ್ಳೆಯದು, ಒಂದು ಕೆಟ್ಟದ್ದು ಸೇರಿಸಿ ನೋಡಿ. ಆಗ ಮೊದಲನೆಯದು 10ರಲ್ಲಿ 9, ಅಂದರೆ ಶೇ 90. ಎರಡನೆಯದು 102ರಲ್ಲಿ 96, ಅಂದರೆ ಶೇ 94. ಎರಡನೆಯದೇ ಮುಂದೆ. ಬಾಯಲ್ಲೇ ಮಾಡಬಹುದಾದ ಲೆಕ್ಕ ಇದು, ನಾನು ಪ್ರತಿ ಸಲ ಮಾಡುತ್ತೇನೆ.

ಗುಂಪಿನ ರುಚಿಯಲ್ಲಿ ಇನ್ನೊಂದು ತೊಡಕಿದೆ. 2006ರಲ್ಲಿ ಸಾಲ್ಗನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಸಂಶೋಧಕರು 14,000ಕ್ಕೂ ಹೆಚ್ಚು ಜನರಿಗೆ ಯಾರೂ ಕೇಳಿರದ ಬ್ಯಾಂಡ್‌ಗಳ 48 ಹಾಡು ಕೊಟ್ಟರು. ಒಂದಷ್ಟು ಜನ ಬೇರೆಯವರ ಆಯ್ಕೆ ಕಾಣದೆ ಆರಿಸಿದರು. ಉಳಿದವರನ್ನು ಎಂಟು ಲೋಕಗಳಾಗಿ ಹಂಚಿ, ಅವರವರ ಲೋಕದಲ್ಲಿ ಯಾವ ಹಾಡು ಎಷ್ಟು ಸಲ ಡೌನ್‌ಲೋಡ್ ಆಗಿದೆ ಎಂದು ತೋರಿಸಿದರು. ಒಂದು ಲೋಕದಲ್ಲಿ ಮೊದಲು ಬಂದ ಹಾಡು ಇನ್ನೊಂದರಲ್ಲಿ 40ನೆಯದಾಯಿತು. ತೀರಾ ಒಳ್ಳೆಯವು ಅಷ್ಟು ಸುಲಭಕ್ಕೆ ಮುಳುಗಲಿಲ್ಲ, ತೀರಾ ಕೆಟ್ಟವು ಏಳಲಿಲ್ಲ. ನಡುವಿನ ದೊಡ್ಡ ರಾಶಿಯ ಹಣೆಬರಹ ಮಾತ್ರ ಮೊದಲು ಬಂದ ಕೆಲವರ ಕೈಯಲ್ಲಿತ್ತು.

‘ಅಮಾಂಗ್ ಅಸ್’ ನೆನಪಿದೆಯಲ್ಲ? ಪುಟ್ಟ ತಂಡ ಮಾಡಿದ ಆ ಗೇಮ್ ಬಿಡುಗಡೆಯಾದದ್ದು 2018ರಲ್ಲಿ. ಎರಡು ವರ್ಷ ಅದನ್ನು ಕೇಳುವವರೇ ಇರಲಿಲ್ಲ. 2020ರಲ್ಲಿ ಎಲ್ಲರೂ ಮನೆಯಲ್ಲಿ ಕೂತಿದ್ದಾಗ ತಾವು ಆಡುವುದನ್ನು ಇಂಟರ್‌ನೆಟ್‌ನಲ್ಲಿ ನೇರವಾಗಿ ತೋರಿಸುವ ಕೆಲವು ಸ್ಟ್ರೀಮರ್‌ಗಳು ಆಡಲು ಶುರು ಮಾಡಿದರು. ಕೆಲವೇ ತಿಂಗಳಲ್ಲಿ ಊರೆಲ್ಲ ಅದೇ ಮಾತು. ಗೇಮ್ ಹೆಚ್ಚುಕಮ್ಮಿ ಅದೇ, ಬದಲಾದದ್ದು ಸುತ್ತಲಿನ ಜನ. ಹೀಗಾಗಿ ಟಾಪ್ ಹತ್ತರಲ್ಲಿ ಇಲ್ಲದ ಗೇಮ್ ಬಗ್ಗೆ ನನಗೆ ಮೊದಲಿಗಿಂತ ಮರ್ಯಾದೆ ಜಾಸ್ತಿ.

ಕಲ್ಲಂಗಡಿ ಗಾಡಿಯವರು ಒಂದು ತ್ರಿಕೋನ ತುಂಡು ಕೊಯ್ದು ಕೈಗೆ ಕೊಡುತ್ತಾರಲ್ಲ, ಗೇಮ್‌ನವರಿಗೂ ಆ ಪದ್ಧತಿ ಗೊತ್ತಿತ್ತು. 1993ರ ಡಿಸೆಂಬರ್‌ನಲ್ಲಿ ‘ಡೂಮ್’ ಬಂದಾಗ ಅದರ ಮೂರು ಭಾಗಗಳಲ್ಲಿ ಮೊದಲನೆಯದು ಪೂರ್ತಿ ಫ್ರೀ. ಯಾರು ಬೇಕಾದರೂ ಫ್ಲಾಪಿಯಲ್ಲಿ ನಕಲು ಮಾಡಿ ಹಂಚಬಹುದು. ರುಚಿ ಹತ್ತಿದವರು ದುಡ್ಡು ಕೊಟ್ಟು ಉಳಿದದ್ದು ತರಿಸಿಕೊಂಡರು. ಈಗ ಸ್ಟೀಮ್‌ನಲ್ಲಿ ವರ್ಷಕ್ಕೆ ಮೂರು ಸಲ ಬರುವ ನೆಕ್ಸ್ಟ್ ಫೆಸ್ಟ್‌ನಲ್ಲಿ ನೂರಾರು ಡೆಮೊ ಸಿಗುತ್ತವೆ. 2015ರ ಜೂನ್‌ನಿಂದ ಇನ್ನೊಂದು ಅನುಕೂಲವೂ ಇದೆ. ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ, ದುಡ್ಡು ವಾಪಸ್ ಕೇಳಬಹುದು. ಕೆಲವೇ ಗಂಟೆ ಇರುತ್ತಿದ್ದ ಮಿಂಚಿನ ಆಫರ್‌ಗಳು ಸೇಲ್‌ಗಳಿಂದ ಮರೆಯಾದದ್ದೂ ಅದೇ ವರ್ಷದ ಕೊನೆಗೆ.

ಹೋದ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅಕ್ಕನ ಮಗ ಬಂದಿದ್ದ. ಸಮ್ಮರ್ ಸೇಲ್ ನಡೆಯುತ್ತಿತ್ತು. ಕಾರ್ಟ್‌ನಲ್ಲಿ ಐದು ಗೇಮ್. “ಮಾವ, ಐದೂ ಸೇರಿ ಒಂದು ಗೇಮ್ ರೇಟಿಗೆ ಬರ್ತಿದೆ!” ಎಂದ. ಕಣ್ಣಲ್ಲಿ ಹೊಳಪು. ಆ ಹೊಳಪು ನನಗೆ ಗುರುತಿತ್ತು, ಬಸ್ ಸ್ಟ್ಯಾಂಡ್ ಹತ್ತಿರದ ಗಾಜಿನದ್ದು.

ಬೇಡ ಅನ್ನಲಿಲ್ಲ. “ಇದರಲ್ಲಿ ಇವತ್ತು ಊಟ ಆದ ಮೇಲೆ ಯಾವುದು ಆಡ್ತೀಯ?” ಎಂದೆ. ಅವನು ಸುಮಾರು ಹೊತ್ತು ಪಟ್ಟಿ ಮೇಲೆ ಕೆಳಗೆ ಸರಿಸಿದ. ನಾಲ್ಕನ್ನು ವಿಶ್‌ಲಿಸ್ಟ್‌ಗೆ ಹಾಕಿದ. ಉಳಿದದ್ದು ಒಂದು, ರೈಲು ಓಡಿಸುವ ಗೇಮ್. ಅದಕ್ಕೆ ಆಫರ್ ಎಲ್ಲಕ್ಕಿಂತ ಕಡಿಮೆ, ಶೇ 20 ಅಷ್ಟೇ.

ಊಟ ಮಾಡಿ ಕೂತ. ಎರಡು ಗಂಟೆ ದಾಟಿಬಿಟ್ಟರೆ ಕಷ್ಟ ಅಂತ ಮೊಬೈಲ್‌ನಲ್ಲಿ ಒಂದು ಗಂಟೆ ನಲವತ್ತೈದು ನಿಮಿಷಕ್ಕೆ ಅಲಾರಂ ಇಟ್ಟುಕೊಂಡ. ನಾನು ಪಕ್ಕದ ಕೋಣೆಯಲ್ಲಿ ಓದುತ್ತಿದ್ದೆ. ಹತ್ತೂವರೆಗೆ ಅಲಾರಂ ಹೊಡೆದುಕೊಂಡಿತು. ಹೋಗಿ ನೋಡಿದರೆ ರೈಲು ಯಾವುದೋ ಸ್ಟೇಷನ್ನಿಗೆ ನಿಧಾನಕ್ಕೆ ಒಳಬರುತ್ತಿತ್ತು. ಅವನು ಪರದೆಯಿಂದ ಕಣ್ಣು ಕೀಳದೆ, ಎಡಗೈಯಲ್ಲಿ ತಡಕಾಡಿ ಅಲಾರಂ ನಿಲ್ಲಿಸಿದ.